ನಾಲ್ಕು ಇಂಚು ಕಡಿಮೆ

ಬೀದರ್ ಸ್ಟೇಷನ್ನಿಗೆ ನನ್ನನ್ನು ಬಿಡಲು ಬಂದ ಯಜಮಾನರು ಮೊದಲು ಗಿಟಾರನ್ನು ರೈಲು ಹತ್ತಿಸಿದರು, ಆಮೇಲೆ ನನ್ನನ್ನು. ಕಿಟಕಿಯ ಪಕ್ಕ ಅದನ್ನು ಒರಗಿಸಿಟ್ಟು, ಅದಕ್ಕೊಂದು ಸೀಟು ಸಿಕ್ಕಿತಲ್ಲ, ನೀನು ನಿಂತರೂ ನಡೆಯುತ್ತದೆ ಎಂದು ನಕ್ಕರು. ನಗಲಿ ಬಿಡಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಗಿಟಾರಿನ ಜೊತೆ ಒಂದೇ ಕೋಣೆಯಲ್ಲಿ ಮಲಗಿದ ಮನುಷ್ಯನಿಗೆ ಅಷ್ಟು ಹಕ್ಕಿದೆ.

ನಾನು ಶಾಲೆಯ ಟೀಚರು, ವಯಸ್ಸು ಐವತ್ತು ದಾಟಿದೆ. ನಮ್ಮ ಚರ್ಚಿನ ಗಾಯನ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ನಾಲ್ಕು ದಪ್ಪ ತಂತಿಗಳ ಈ ವಾದ್ಯವನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ನಿಲ್ಲಿಸಿದಾಗ ಮಾತ್ರ ಹಾಡಿಗೆ ಏನೋ ಆಯಿತಲ್ಲ ಎಂದು ತಲೆ ಎತ್ತುತ್ತಾರೆ. ಹಿಂದೆ ನುಡಿಸುತ್ತಿದ್ದವರು ಊರು ಬಿಟ್ಟಾಗ ಗಂಡಸರು ಯಾರೂ ಅದನ್ನು ಮುಟ್ಟಲಿಲ್ಲ, ನಾನು ಮುಟ್ಟಿದೆ. ಅಲ್ಲಿಂದ ಬಿಟ್ಟಿಲ್ಲ.

ಆದರೆ ಒಂದು ವರ್ಷದಿಂದ ಎಡಗೈ ನನ್ನ ಮಾತು ಕೇಳುತ್ತಿಲ್ಲ. ಹೆಬ್ಬೆರಳಿನ ಬುಡದ ಸಂದು ಸವೆದಿದೆ, ಕೈ ಅಗಲಿಸಿ ಎಳೆಯಬೇಡಿ ಎಂದರು ಡಾಕ್ಟರು. ಬೇಸಿನಲ್ಲಿ ಇರುವುದೇ ಎಳೆತ. ಗಿಟಾರಿನ ಕುತ್ತಿಗೆಯ ಮೇಲೆ ಏಣಿಯಂತೆ ಮೆಟ್ಟಿಲುಗಳಿರುತ್ತವೆ, ಫ್ರೆಟ್ ಎನ್ನುತ್ತಾರೆ. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಹಬ್ಬದ ದಿನ ನಾವು ತಪ್ಪದೆ ಹಾಡುವ ಒಂದು ಕೀರ್ತನೆಯ ಮೂರನೆಯ ಸಾಲಿನಲ್ಲಿ, ಅತಿ ದಪ್ಪ ತಂತಿಯ ಮೊದಲ ಮೆಟ್ಟಿಲ ಮೇಲೆ ತೋರುಬೆರಳಿಟ್ಟುಕೊಂಡೇ ಕಿರುಬೆರಳನ್ನು ಮೂರನೆಯದಕ್ಕೆ ಚಾಚಬೇಕು. ಮೆಟ್ಟಿಲುಗಳು ಅತಿ ಅಗಲವಾಗಿರುವುದು ಅಲ್ಲಿಯೇ. ನಾನು ಆ ಸ್ವರವನ್ನು ಕದ್ದು, ಮೇಲಿನ ಸ್ಥಾಯಿಯಲ್ಲಿ ನುಡಿಸಿ ಜಾರಿಕೊಳ್ಳುತ್ತಿದ್ದೆ.

ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡಿದ್ದೆ. ಗಂಡಸರ ಕೆಳದನಿಯ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯರಾದ ಸಾಮುವೇಲಪ್ಪನವರಿಗೆ ಗೊತ್ತಾಯಿತು. ಒಂದು ದಿನ ಹತ್ತಿರ ಬಂದು, "ತಂಗಿ, ಆ ಸಾಲಿಗೆ ಬಂದಾಗ ನನ್ನ ಕಾಲಿಗೆ ನೆಲ ಸಿಗವಲ್ದು ನೋಡ" ಅಂದರು. ತಂಡ ನಡೆಸುವ ಡೇವಿಡ್ ಒಳ್ಳೆಯ ಹುಡುಗ, ಒಳ್ಳೆಯತನದಿಂದಲೇ ಕೊಲ್ಲುತ್ತಾನೆ. ಕೀಬೋರ್ಡಿನ ಒಂದು ಗುಂಡಿ ಒತ್ತಿ ತೋರಿಸಿದ. ಎಡಗೈಯಲ್ಲಿ ಅವನೇ ಬೇಸ್ ನುಡಿಸಬಹುದಂತೆ, ನನಗೇಕೆ ಸುಮ್ಮನೆ ತ್ರಾಸು, ಹಬ್ಬದಿಂದ ಆರಾಮ ತಗೊಳ್ಳಿ ಆಂಟಿ ಅಂದ. ಜನ ಕೊಡುವ ಆರಾಮ ನನಗೆ ಗೊತ್ತಿದೆ. ಒಮ್ಮೆ ತಗೊಂಡರೆ ಅದನ್ನು ವಾಪಸ್ ಕೊಡಲು ಬರುವುದಿಲ್ಲ.

ಶಾರ್ಟ್ ಸ್ಕೇಲ್ ಬೇಸ್ ಎಂಬುದು ಇದೆ ಎಂದು ತಿಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು, ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ ಎಂದು. ಸಾಮಾನ್ಯ ಬೇಸಿನಲ್ಲಿ ತಂತಿ ನುಡಿಯುವ ಉದ್ದ ಮೂವತ್ನಾಲ್ಕು ಇಂಚು. ಇದರಲ್ಲಿ ಮೂವತ್ತು. ನಾಲ್ಕು ಇಂಚು ಕಡಿಮೆಯಾದರೆ ಮೆಟ್ಟಿಲುಗಳೆಲ್ಲ ಒಂದಿಷ್ಟು ಹತ್ತಿರ ಸರಿಯುತ್ತವೆ. ಬೀದರಿನಲ್ಲಿ ಅದು ಸಿಗುವ ಮಾತಿಲ್ಲ. ಹೈದರಾಬಾದಿನ ಮಣಿಕೊಂಡದಲ್ಲಿ ಒಬ್ಬ ತನ್ನದನ್ನು ಮಾರುತ್ತಾನೆಂದು ಮೊಬೈಲಿನಲ್ಲಿ ಜಾಹೀರಾತು ಕಂಡಿತು. ಫೋನ್ ಮಾಡಿ ಹಿಂದಿಯಲ್ಲಿ ಶುರುಮಾಡಿದೆವು. ಅವನು ಮಂಗಳೂರಿನ ಕಡೆಯವನೆಂದು ಗೊತ್ತಾದ ಮೇಲೆ ಇಬ್ಬರೂ ನಕ್ಕು ಕನ್ನಡಕ್ಕೆ ಇಳಿದೆವು. ಹಳೆಯ ಗಿಟಾರನ್ನು ಅಲ್ಲಿನ ಯಾವುದಾದರೂ ಅಂಗಡಿಗೆ ಹಾಕೋಣವೆಂದು ಜೊತೆಗೆ ಹೊತ್ತು ಹೊರಟೆ. ಹಬ್ಬದ ಹಿಂದಿನ ಗುರುವಾರ ಅದು. ಶನಿವಾರ ಸಂಜೆಯ ತಾಲೀಮಿಗೆ ವಾಪಸ್ ಬರಬೇಕಿತ್ತು.

ಲಿಂಗಂಪಲ್ಲಿಯವರೆಗಿನ ಟಿಕೆಟ್ಟಿನ ದುಡ್ಡಿಗೆ ಹೈದರಾಬಾದಿನಲ್ಲಿ ಅರ್ಧ ಪ್ಲೇಟ್ ಬಿರಿಯಾನಿ ಬರುವುದಿಲ್ಲ. ಬಂದರೂ ನನಗೆ ಪ್ರಯೋಜನವಿರಲಿಲ್ಲ. ಲೆಂಟ್ ಉಪವಾಸದ ದಿನಗಳು. ಈಸ್ಟರ್‌ವರೆಗೆ ನಾನು ಮಾಂಸ ತಿನ್ನುವುದಿಲ್ಲ, ಅಮ್ಮನಿಂದ ಬಂದ ಅಭ್ಯಾಸ. ಮಾಂಸ ಬಿಟ್ಟವಳು ರಂಜಾನ್ ತಿಂಗಳಲ್ಲಿ, ಬೀದಿಬೀದಿಗೆ ಮಾಂಸ, ಗೋಧಿ ಕುದಿಸಿದ ಹಲೀಮಿನ ಹಂಡೆ ಕೂತಿರುವ ಊರಿಗೆ ಹೊರಟಿದ್ದೆ. ದೇವರಿಗೂ ಒಮ್ಮೊಮ್ಮೆ ತಮಾಷೆ ಬೇಕಾಗುತ್ತದೆ.

ಜಹೀರಾಬಾದ್ ದಾಟುವಷ್ಟರಲ್ಲಿ ಬಿಸಿಲು ಕಿಟಕಿಯ ಸರಳನ್ನು ಕಾಯಿಸಿತ್ತು. ಎದುರು ಕೂತ ತೆಲುಗಿನ ಹೆಂಗಸು ಹುರಿದ ಶೇಂಗಾ ಕೊಟ್ಟು, ಈ ಚೀಲದಲ್ಲಿ ಏನೆಂದು ಕೇಳಿದಳು. ಗಿಟಾರು ಅಂದೆ. ಯಾರು ನುಡಿಸುವುದು ಅಂದಳು. ನಾನೇ ಅಂದೆ. ಆಕೆ ನನ್ನ ಸೀರೆಯಿಂದ ಚಪ್ಪಲಿಯವರೆಗೆ ಒಮ್ಮೆ ನೋಡಿ, ಇನ್ನೊಂದು ಹಿಡಿ ಶೇಂಗಾ ಕೊಟ್ಟಳು. ವಿಕಾರಾಬಾದಿನಲ್ಲಿ ಇಳಿಯುವಾಗ ಚೀಲವನ್ನು ಮೆಲ್ಲಗೆ ತಟ್ಟಿ ಹೋದಳು.

ಲಿಂಗಂಪಲ್ಲಿಯಲ್ಲಿ ಇಳಿದು ಆಟೊ ಹಿಡಿದೆ. ಗಿಟಾರಿನ ತಲೆ ಹೊರಗೆ ಚಾಚಿಕೊಂಡಿತ್ತು, ಪ್ರತಿ ತಿರುವಿನಲ್ಲೂ ಅದಕ್ಕೆ ಪೆಟ್ಟಾದೀತೆಂದು ಜೀವ ಕೈಯಲ್ಲಿ ಹಿಡಿದಿದ್ದೆ. ಮಣಿಕೊಂಡದಲ್ಲಿ ಕತ್ತೆತ್ತಿದ ಕಡೆಯೆಲ್ಲ ಅಪಾರ್ಟ್‌ಮೆಂಟುಗಳು, ಕತ್ತು ತಗ್ಗಿಸಿದ ಕಡೆಯೆಲ್ಲ ಅಗೆದ ರಸ್ತೆ.

ಗಿಟಾರಿನ ಒಡೆಯ ಪ್ರೀತಮ್ ಬಾಗಿಲು ತೆಗೆದ. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಬೆಂಡೆಕಾಯಿಯಂಥ ಉದ್ದುದ್ದ ಬೆರಳು. ಮನೆಯಿಂದಲೇ ಆಫೀಸಿನ ಕೆಲಸ ನಡೆದಿತ್ತು. ಕಂಪ್ಯೂಟರಿಗೆ ಏನೋ ಹೇಳಿ ಮುಚ್ಚಿಟ್ಟು, ಲಿಂಬೆ ಶರಬತ್ತು ಮಾಡಿಕೊಟ್ಟ. ಆಮೇಲೆ ಗಿಟಾರು ತಂದ. ಚೆರ್ರಿ ಹಣ್ಣಿನ ಬಣ್ಣ, ಪುಟ್ಟ ದೇಹ. ತೊಡೆಯ ಮೇಲಿಟ್ಟುಕೊಂಡ ಕೂಡಲೇ ನನ್ನ ಎಡಗೈ ತಾನಾಗಿ ಹೋಗಿ ಜಾಗದಲ್ಲಿ ಕೂತಿತು. ಮೊದಲ ಮೆಟ್ಟಿಲಿನಿಂದ ಮೂರನೆಯದಕ್ಕೆ ಕಿರುಬೆರಳು ಚಾಚಿದೆ. ಮುಟ್ಟಿತು. ನೋವಿಲ್ಲ. ನನಗೆ ಅಲ್ಲೇ ಅಳು ಬರುವುದರಲ್ಲಿತ್ತು.

ಆಮೇಲೆ ತಂತಿ ಮೀಟಿದೆ. ಸಣ್ಣ ಸ್ಪೀಕರಿನಿಂದ ಬಂದದ್ದು ದಬ್ ದಬ್ ಎಂಬ ಸದ್ದು, ಒದ್ದೆ ಹಾಸಿಗೆಗೆ ಬಡಿದಂತೆ. ಉಳಿದ ಮೂರು ತಂತಿಗಳು ಪರವಾಗಿಲ್ಲ. ನನಗೆ ಬೇಕಾದ ಆ ದಪ್ಪ ತಂತಿಯೇ ಸತ್ತುಹೋಗಿತ್ತು.

ಪ್ರೀತಮ್ ಸಂಕೋಚದಿಂದ ತಲೆ ಕೆರೆದುಕೊಂಡು ಹೇಳಿದ, "ನನಗೂ ಹಾಗೇ ಕೇಳಿಸ್ತದೆ ಆಂಟಿ. ಹಳೆ ದಪ್ಪ ತಂತಿ ಸವೆದಿತ್ತು, ಅದೊಂದು ಹೊಸತು ಹಾಕಿದ ಮೇಲೂ ಹೀಗೇ ಉಂಟು. ಕಡೆಗೆ ನನ್ನ ಕಿವಿಯೇ ಸರಿ ಇಲ್ಲ, ಸಂಗೀತ ನಮಗೆಲ್ಲ ಆಗಿಬರುವುದಲ್ಲ ಅಂತ ತೀರ್ಮಾನ ಮಾಡಿದೆ. ಮಾರಿಬಿಡುವ ಅಂತ."

ನಾನು ಗಿಟಾರಿನ ತಲೆಯ ಭಾಗವನ್ನು ಬೆಳಕಿಗೆ ಹಿಡಿದೆ. ತಂತಿ ಬಿಗಿಸುವ ಬಿರಡೆಯ ಸಂದಿನಿಂದ ಇಣುಕುತ್ತಿದ್ದ ತಂತಿಯ ತುದಿಯನ್ನು ಉಗುರಿನಿಂದ ಮುಟ್ಟಿದರೆ ಹೊರಗಿನ ಸುತ್ತು ಅಲುಗಾಡುತ್ತಿತ್ತು. ತಂತಿ ಹೇಗೆ ಹಾಕಿದೆ ತಮ್ಮಾ ಎಂದು ಕೇಳಿದೆ. ಅವನು ಹುರುಪಿನಿಂದ ವಿವರಿಸಿದ. ಅಂಗಡಿಯಲ್ಲಿ ಉದ್ದ ಬೇಸಿನ ತಂತಿಯೇ ಸಿಕ್ಕಿದ್ದು. ಎಂಜಿನಿಯರ್ ಅಲ್ಲವೇ, ಟೇಪು ಹಿಡಿದು ಸರಿಯಾಗಿ ಅಳೆದು, ಹೆಚ್ಚಾದದ್ದನ್ನು ಮೊದಲೇ ಕತ್ತರಿಸಿ, ಆಮೇಲೆ ನೀಟಾಗಿ ಬಿರಡೆಗೆ ಸುತ್ತಿದ್ದಾನೆ. ಅಲ್ಲೇ ಎಡವಟ್ಟಾಗಿತ್ತು.

ಬೇಸಿನ ತಂತಿ ಒಂಟಿ ತಂತಿಯಲ್ಲ. ಒಳಗೊಂದು ಉಕ್ಕಿನ ಎಳೆ, ಅದರ ಮೈಗೆ ಬಿಗಿಯಾಗಿ ಸುತ್ತಿದ ಇನ್ನೊಂದು. ಮೊದಲು ತಂತಿಯನ್ನು ಚೂಪಾಗಿ ಬಗ್ಗಿಸಿ, ಆ ಮಡಿಕೆಯಾಚೆ ಕತ್ತರಿಸಿದರೆ ಸುತ್ತು ಹಿಡಿತದಲ್ಲಿರುತ್ತದೆ. ನೆಟ್ಟಗಿದ್ದ ಹಾಗೇ ಕತ್ತರಿಸಿದರೆ ಸುತ್ತು ಒಳಗಿನ ಎಳೆಯ ಮೇಲೆ ಸಡಿಲಾಗಿ ತಂತಿಯ ದನಿ ಸಾಯುತ್ತದೆ. ಗಿಟಾರಿನಲ್ಲಿ ಯಾವ ದೋಷವೂ ಇರಲಿಲ್ಲ. ಆ ಹುಡುಗನ ಕಿವಿಯಲ್ಲಂತೂ ಮೊದಲೇ ಇರಲಿಲ್ಲ. ಸತ್ತ ತಂತಿಯನ್ನು ಸತ್ತದ್ದೆಂದೇ ಅದು ಕೇಳಿಸಿಕೊಂಡಿತ್ತು.

ಈಗ ನನಗೆ ಪೇಚಾಟ. ಸುಮ್ಮನಿದ್ದರೆ ಗಿಟಾರು ನನ್ನದು. ಹೇಳಿದರೆ ಅವನು ಇಟ್ಟುಕೊಂಡಾನು, ನಾನು ಬರಿಗೈಯಲ್ಲಿ ಹೋಗಿ ಡೇವಿಡ್‌ನ ಗುಂಡಿಗೆ ಜಾಗ ಬಿಟ್ಟುಕೊಡಬೇಕು. ಶರಬತ್ತಿನ ಲೋಟ ಖಾಲಿಯಾಗಿದ್ದರೂ ಇನ್ನೊಂದು ಗುಟುಕು ಕುಡಿದೆ. ನನ್ನ ಕಿವಿಯೇ ಸರಿ ಇಲ್ಲ ಎಂದಾಗಿನ ಅವನ ಮುಖ ಕಣ್ಣಿಂದ ಹೋಗಲಿಲ್ಲ. ಟೀಚರಾಗಿ ಅಂಥ ಮುಖ ಬೇಕಾದಷ್ಟು ನೋಡಿದ್ದೇನೆ.

"ನಿನ್ನ ಕಿವಿ ಚೊಲೋ ಅದ ತಮ್ಮಾ," ಅಂದೆ. "ತಂತಿ ಹಾಕೂದು ಒಂದು ತಪ್ಪೀದಿ, ಅಷ್ಟೇ. ನಾಳೆ ಹೊಸಾದು ಹಾಕಿಸೋಣ, ಆಮ್ಯಾಲ ಮಾರೂದೋ ಬಿಡೂದೋ ನೋಡು."

ಅವನು ನಾನು ಹೇಳಿದ್ದನ್ನೆಲ್ಲ ಬಾಯಿ ತೆರೆದು ಕೇಳಿದ. ಆಮೇಲೆ ಬಹಳ ಮರ್ಯಾದೆಯಿಂದ, ಸರಿಯಾಗಿ ನುಡಿದರೆ ತಾನು ಬಹುಶಃ ಮಾರಲಿಕ್ಕಿಲ್ಲ, ಬೇಜಾರಾಗಬೇಡಿ ಅಂದ. ನಿನ್ನ ವಸ್ತು, ನಿನ್ನ ಇಷ್ಟ ಅಂದೆ. ಬಾಯಲ್ಲಿ ಜೇನು, ಹೊಟ್ಟೆಯಲ್ಲಿ ಮೆಣಸಿನಕಾಯಿ.

ಆ ಸಂಜೆ ಸಿಕಂದರಾಬಾದ್ ಹಾದು ಮಲ್ಕಾಜ್‌ಗಿರಿಗೆ ಹೋದೆ. ಅಲ್ಲಿ ನನ್ನ ದೊಡ್ಡಮ್ಮನ ಮಗಳು ರತ್ನಕ್ಕ ಇದ್ದಾಳೆ, ಭಾವ ರೈಲ್ವೆಯವರು. ಆ ಓಣಿಯಲ್ಲಿ ಕಾಲು ಭಾಗ ಜನ ರೈಲ್ವೆಯವರೇ, ಗಡಿಯಾರ ನೋಡದೆ ಸದ್ದಿನ ಮೇಲೆ ಇದು ಇಂಥ ಗಾಡಿ ಎನ್ನುತ್ತಾರೆ. ರತ್ನಕ್ಕ ಪಕ್ಕದ ಮನೆಯವರಿಗೆ ನನ್ನನ್ನು ತೆಲುಗಿನಲ್ಲಿ ಪರಿಚಯಿಸಿ, ನನಗೆ ಕನ್ನಡದಲ್ಲಿ ಬೈದು, ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ನನ್ನ ಕಥೆ ಕೇಳಿ ಅಂದಳು, "ಲೆಂಟ್‌ದಾಗ ಕೋಳಿ ಬಿಡೂದು ಏನು ದೊಡ್ಡದಲ್ಲ ಬಿಡವಾ. ಇದು ನೋಡು ಖರೇ ಬಿಡೂದು." ಸಮಾಧಾನಕ್ಕೆ ಹೇಳಿದಳು, ನನಗೆ ಮಾತ್ರ ಆಗಲಿಲ್ಲ.

ಮನೆಯಲ್ಲಿ ಸ್ಪೀಕರಿರಲಿಲ್ಲ. ಆದರೆ ಗಿಟಾರಿನ ಅಂಚನ್ನು ಮರದ ಬೀರುವಿಗೆ ಒತ್ತಿ ಹಿಡಿದು ನುಡಿಸಿದರೆ ಬೀರುವೇ ಸ್ಪೀಕರಾಗುತ್ತದೆ. ಹಳೆಯ ಬೇಸನ್ನು ಹಾಗೆ ಹಿಡಿದು ಹಬ್ಬದ ಕೀರ್ತನೆ ಶುರುಮಾಡಿದೆ. ರತ್ನಕ್ಕ ಇಲ್ಲಿ ತೆಲುಗು ಚರ್ಚಿಗೆ ಹೋಗಲು ತೊಡಗಿ ಎಷ್ಟೋ ವರ್ಷವಾಗಿದೆ, ಆದರೂ ಒಂದಕ್ಷರ ಮರೆತಿರಲಿಲ್ಲ. ಮೂರನೆಯ ಸಾಲಿಗೆ ಬಂದಾಗ ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಇಲ್ಲಿ ಏನೋ ಬಿಟ್ಟೆಯಲ್ಲ ಅಂದಳು. ಹೌದು, ಅದಕ್ಕೇ ಬಂದಿದ್ದು ಅಂದೆ.

ಮರುದಿನ ಶುಕ್ರವಾರ. ನಾರಾಯಣಗೂಡದ ಹಿಂದಿನ ಓಣಿಯಲ್ಲಿ ಒಂದು ಹಳೆಯ ವಾದ್ಯದ ಅಂಗಡಿ, ಭಾವ ಹೇಳಿದ್ದು. ಮಧ್ಯಾಹ್ನದ ನಮಾಜು ಮುಗಿಯುವವರೆಗೆ ಅದು ತೆಗೆಯುವುದಿಲ್ಲ. ಪ್ರೀತಮ್ ರಾಯದುರ್ಗದಲ್ಲಿ ಮೆಟ್ರೊ ಹತ್ತಿ ಬಂದ, ಬೆನ್ನಿಗೆ ಗಿಟಾರು. ನನ್ನ ಬೆನ್ನಿಗೂ ಗಿಟಾರು. ಕೋಚಿಂಗ್ ಸೆಂಟರಿನಿಂದ ಹೊರಬರುತ್ತಿದ್ದ ಹುಡುಗಿಯರು ನಮ್ಮನ್ನು ನೋಡಿ ಮೊಣಕೈಯಲ್ಲಿ ತಿವಿದುಕೊಂಡರು. ನಾನು ಅವರಿಗೆ ಕೈ ಬೀಸಿದೆ. ನಡೆಯುವಾಗ ಪ್ರೀತಮ್, ಇರುಳೆಲ್ಲ ತಂತಿ ಹಾಕುವ ವಿಡಿಯೊ ನೋಡಿದೆ ಆಂಟಿ, ನೀವು ಹೇಳಿದ್ದೇ ಸರಿ ಅಂದ. ಮೊದಲೇ ನೋಡಬಾರದಿತ್ತೇ ಮಾರಾಯ ಎಂದು ಅವನ ಭಾಷೆಯಲ್ಲೇ ಬೈದೆ.

ಅಂಗಡಿಯ ಯಜಮಾನರು ಬಿಳಿ ಗಡ್ಡದ ಸಾಹೇಬರು, ರೋಜಾದಲ್ಲಿದ್ದರು. ನಾನೂ ಉಪವಾಸದವಳೆಂದು ತಿಳಿದು ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದು ಹಾಕಿದರು. ನೀರು ಕುಡಿಯಲು ನನಗೆ ಅಡ್ಡಿಯಿಲ್ಲ ಎಂದಾಗ, ಹಾಗಾದರೆ ನಿಮ್ಮದು ಸಲೀಸು ಎಂದು ದಖನಿ ಉರ್ದುವಿನಲ್ಲಿ ಕೆಣಕಿದರು. ಹಲೀಮಿನ ವಾಸನೆ ಮೂಗಿಗೆ ಹೊಡೆಯುತ್ತದೆ, ನೀವು ಸಂಜೆ ತಿನ್ನುತ್ತೀರಿ, ನಾನು ಈಸ್ಟರ್‌ವರೆಗೆ ಕಾಯಬೇಕು ಅಂದೆ. ಅದಕ್ಕೆ ಅವರು ಸೋತರು.

ಸಣ್ಣ ಬೇಸಿನ ತಂತಿ ಅವರಲ್ಲಿ ಇರಲಿಲ್ಲ, ಕೇಳುವವರೇ ಇಲ್ಲವಂತೆ. ಉದ್ದದ್ದನ್ನೇ ಕೊಟ್ಟರು. ಇಕ್ಕಳ ಕೇಳಿ ಪಡೆದೆ. ಬಿರಡೆಯ ಆಚೆಗೆ ಸುತ್ತಲು ಬೇಕಾದಷ್ಟು ಬಿಟ್ಟು, ತಂತಿಯನ್ನು ಚೂಪಾಗಿ ಬಗ್ಗಿಸಿ, ಆಮೇಲೆ ಕತ್ತರಿಸಿದೆ. ಅಷ್ಟು ದಪ್ಪದ ತಂತಿ ಪುಟ್ಟ ಬಿರಡೆಗೆ ಸುತ್ತುವಾಗ ತುಂಡಾದೀತೆಂಬ ಹೆದರಿಕೆ ನನಗೂ ಇತ್ತು. ಮೆಲ್ಲಗೆ, ಉಸಿರು ಹಿಡಿದು ತಿರುಗಿಸಿದೆ. ತುಂಡಾಗಲಿಲ್ಲ.

ಗಿಟಾರನ್ನು ಸ್ಪೀಕರಿಗೆ ಸೇರಿಸಿ ಪ್ರೀತಮ್‌ನ ಕೈಗೆ ಕೊಟ್ಟೆ. ಅವನು ಒಮ್ಮೆ ಮೀಟಿದ. ಅಂಗಡಿಯ ಗಾಜಿನ ಕಪಾಟು ಸಣ್ಣಗೆ ನಡುಗಿತು. ಇನ್ನೊಮ್ಮೆ ಮೀಟಿದ. ಅವನ ಮುಖದಲ್ಲಿ ಮೂಡಿದ ಸಂತೋಷ ನೋಡಿ ನನಗೂ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ, ಹೊಟ್ಟೆಯೂ ಉರಿಯಿತು. ಹೋಯಿತು ನನ್ನ ಗಿಟಾರು ಅಂದುಕೊಂಡೆ.

ಅವನು ಕಲಿತಿದ್ದ ಒಂದು ಸಣ್ಣ ತುಣುಕನ್ನು ನುಡಿಸತೊಡಗಿದ. ತಪ್ಪಿತು. ಮತ್ತೆ ಶುರುಮಾಡಿದ, ಮತ್ತೆ ತಪ್ಪಿತು. ಈಗ ದನಿ ಸ್ಪಷ್ಟವಾಗಿದ್ದರಿಂದ ತಪ್ಪೂ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಅವನ ಎಡಗೈಯನ್ನೇ ನೋಡುತ್ತಿದ್ದೆ. ಆ ಉದ್ದ ಬೆರಳುಗಳು ಹತ್ತಿರ ಹತ್ತಿರದ ಮೆಟ್ಟಿಲುಗಳಲ್ಲಿ ಒಂದರ ಮೇಲೊಂದು ಏರಿ ಜಗಳಾಡುತ್ತಿದ್ದವು. ಅವನೂ ಅದನ್ನೇ ನೋಡುತ್ತಿದ್ದನೇನೋ. ತಲೆ ಎತ್ತಿ ನನ್ನ ಚೀಲದ ಕಡೆ ಕಣ್ಣು ಹಾಯಿಸಿ, "ನಿಮ್ಮದನ್ನು ಒಮ್ಮೆ ಕೊಡ್ತೀರಾ ಆಂಟಿ, ಸುಮ್ಮನೆ ನೋಡ್ಲಿಕ್ಕೆ" ಅಂದ.

ಕೊಟ್ಟೆ. ನನ್ನ ಹಳೆಯ ಬೇಸು ಅವನ ಮಡಿಲಲ್ಲಿ ಅಳತೆಗೆ ಹೊಲಿಸಿದ ಅಂಗಿಯಂತೆ ಕೂತಿತು. ಅದೇ ತುಣುಕು ಮೊದಲಿನಿಂದ ಕೊನೆಯವರೆಗೆ ಬಂತು. ಅವನು ತನ್ನನ್ನು ತಾನೇ ನಂಬದೆ ಇನ್ನೊಮ್ಮೆ ನುಡಿಸಿದ. ಅಷ್ಟರಲ್ಲಿ ಚೆರ್ರಿ ಬಣ್ಣದ್ದು ನನ್ನ ತೊಡೆಯ ಮೇಲೆ ಹೇಗೆ ಬಂತೋ ನನಗೆ ನೆನಪಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು, ಕೇಳಲು ಇಬ್ಬರಿಗೂ ಸಂಕೋಚ. ಕೊನೆಗೆ ಸಾಹೇಬರೇ ಬಾಯಿಬಿಟ್ಟರು. ಇವರದು ಅವರಿಗೆ, ಅವರದು ಇವರಿಗೆ ಒಪ್ಪಿದೆ, ನಡುವೆ ನಾನ್ಯಾಕೆ, ನಿಮ್ಮಂಥ ಗಿರಾಕಿಗಳಿಂದ ನನ್ನ ಅಂಗಡಿ ನಡೆದ ಹಾಗೆ ಅಂದರು. ಮೂವರೂ ನಕ್ಕೆವು.

ಅವನದು ಹೊಸದಾದ್ದರಿಂದ ನಾನು ಸ್ವಲ್ಪ ದುಡ್ಡು ಮೇಲೆ ಕೊಟ್ಟೆ, ಅವನು ಬಹಳ ಸಲ ಬೇಡವೆಂದು ಆಮೇಲೆ ತೆಗೆದುಕೊಂಡ. ಹಳೆಯದರ ಗುಣದೋಷ ಒಪ್ಪಿಸಿದೆ. ಏಳನೆಯ ಮೆಟ್ಟಿಲಲ್ಲಿ ಸ್ವಲ್ಪ ಗುಂಯ್ ಎನ್ನುತ್ತದೆ, ವೈರು ಚುಚ್ಚುವ ಜಾಗ ಸಡಿಲ, ಮಳೆಗಾಲದಲ್ಲಿ ಕುತ್ತಿಗೆ ಮುನಿಸಿಕೊಳ್ಳುತ್ತದೆ. ಮಗಳನ್ನು ಕಳಿಸುವವರ ಹಾಗೆ ಹೇಳುತ್ತಲೇ ಇದ್ದೆ. ಚೀಲದ ಜಿಪ್ಪು ಎಳೆಯುವಾಗ ಕಣ್ಣು ತುಂಬಿತು. ಪ್ರೀತಮ್ ಕಂಡೂ ಕಾಣದವನಂತೆ ನನ್ನ ಹೊಸ ಗಿಟಾರನ್ನು ಬೆನ್ನಿಗೆ ಏರಿಸಿಕೊಟ್ಟ. ಅದು ಎಷ್ಟು ಹಗುರ.

ಹೊರಗೆ ಹೊತ್ತು ಇಳಿಯುತ್ತಿತ್ತು. ಹಲೀಮಿನ ಹಂಡೆಗಳ ಮುಂದೆ ಜನ ಸಾಲುಗಟ್ಟುತ್ತಿದ್ದರು. ನಾವಿಬ್ಬರೂ ಇರಾನಿ ಚಹಾ, ಒಸ್ಮಾನಿಯಾ ಬಿಸ್ಕತ್ತಿಗೆ ತೃಪ್ತಿಪಟ್ಟೆವು. ಅವನು ಮೆಟ್ರೊ ಕಡೆ ಹೊರಟ, ನಾನು ಆಟೊ ಹತ್ತುವ ಮುಂಚೆ ತಿರುಗಿ ನೋಡಿದೆ. ಜನರ ತಲೆಗಳ ಮೇಲೆ ನನ್ನ ಹಳೆಯ ಗಿಟಾರಿನ ಚೀಲ, ಆ ಎತ್ತರದ ಬೆನ್ನಿನ ಮೇಲೆ, ತೂಗುತ್ತಾ ಹೋಯಿತು. ನನ್ನ ಬೆನ್ನ ಮೇಲೆ ಅದು ಯಾವತ್ತೂ ಅಷ್ಟು ಚೆಂದ ಕಂಡಿರಲಿಕ್ಕಿಲ್ಲ.

ಮಲ್ಕಾಜ್‌ಗಿರಿಯಲ್ಲಿ ರತ್ನಕ್ಕ ಬೀರುವಿನ ಮುಂದಿನ ಸಾಮಾನು ಮೊದಲೇ ಸರಿಸಿಟ್ಟು ಕಾಯುತ್ತಿದ್ದಳು. ಗಿಟಾರಿನ ಅಂಚು ಒತ್ತಿ ಹಿಡಿದೆ, ಅವಳು ಹಾಡಿದಳು. ಮೂರನೆಯ ಸಾಲು ಬಂತು. ಕಿರುಬೆರಳು ಹೋಗಿ ಕೂತಿತು, ಬೀರುವಿನೊಳಗಿನ ಸ್ಟೀಲ್ ಡಬ್ಬಿಗಳು ಗುಣುಗುಟ್ಟಿದವು. ರತ್ನಕ್ಕ ಈ ಸಲ ನಿಲ್ಲಲಿಲ್ಲ. ಕಣ್ಣು ಮುಚ್ಚಿ ಕೊನೆಯ ಚರಣದವರೆಗೂ ಹಾಡಿದಳು. ಭಾವ ಬಾಗಿಲಲ್ಲಿ ನಿಂತು ಕೇಳಿ, ನಾಳೆ ಬೆಳಗಿನ ಗಾಡಿ ಸರಿಯಾದ ಹೊತ್ತಿಗಿದೆ ಎಂದಷ್ಟೇ ಹೇಳಿದರು.

ಶನಿವಾರ ಗಾಡಿ ವಿಕಾರಾಬಾದ್ ಬಿಡುವಾಗ ಪ್ರೀತಮ್‌ನಿಂದ ಮೊಬೈಲಿಗೆ ಒಂದು ಧ್ವನಿ ಸಂದೇಶ ಬಂತು. ಕಿವಿಗೆ ಹಿಡಿದೆ. ತಡವರಿಸುತ್ತ ಒಂದು ರಾಗ, ನಡುವೆ ಏಳನೆಯ ಮೆಟ್ಟಿಲಿನ ಗುಂಯ್. ನನ್ನ ಹಳೆಯ ಗಿಟಾರು ಅಲ್ಲಿ ಚೆನ್ನಾಗಿದೆ ಎಂದು ಗೊತ್ತಾಯಿತು. ತಂತಿ ಬದಲಿಸುವಾಗ ಮೊದಲು ಬಗ್ಗಿಸು, ಆಮೇಲೆ ಕತ್ತರಿಸು ಎಂದು ಮತ್ತೊಮ್ಮೆ ಬರೆದು ಕಳಿಸಿದೆ. ಟೀಚರುಗಳು ಒಂದೇ ಸಲ ಹೇಳಿ ಬಿಡುವ ಜಾತಿಯಲ್ಲ.

ಆ ಸಂಜೆ ತಾಲೀಮಿಗೆ ಹೋದಾಗ ಡೇವಿಡ್ ಕೀಬೋರ್ಡಿನ ಗುಂಡಿಗೆ ಬೆರಳಿಟ್ಟೇ ಕೂತಿದ್ದ. ನನ್ನ ಬೆನ್ನ ಮೇಲಿನ ಪುಟ್ಟ ಚೀಲ ನೋಡಿ, ಇದೇನು ಆಂಟಿ, ಮಕ್ಕಳ ಗಿಟಾರು ತಂದಿರಾ ಅಂದ. ನಾನು ವೈರು ಚುಚ್ಚಿದೆ. ಕೀರ್ತನೆ ಶುರುವಾಯಿತು. ಮೂರನೆಯ ಸಾಲಿನಲ್ಲಿ ಡೇವಿಡ್‌ನ ಎಡಗೈ ಕೀಬೋರ್ಡಿನಿಂದ ಮೇಲೆದ್ದಿತು, ಮತ್ತೆ ಕೆಳಗೆ ಬರಲಿಲ್ಲ. ನನ್ನ ಮುಂದೆಯೇ ನನಗೆ ಬೆನ್ನು ಮಾಡಿ ನಿಂತಿದ್ದ ಸಾಮುವೇಲಪ್ಪನವರ ಕೆಳದನಿ ಎಷ್ಟೋ ತಿಂಗಳ ಮೇಲೆ ಪೂರಾ ಬಿಚ್ಚಿಕೊಂಡಿತು.

ಹಾಡು ಮುಗಿದ ಮೇಲೆ ಅವರು ಮೆಲ್ಲಗೆ ತಿರುಗಿದರು. ಆ ಇಡೀ ವರ್ಷ ನಾನು ಒಂದು ವಾರವೂ ತಪ್ಪಿಸದೆ ಅವರ ಹಿಂದೆಯೇ, ಅದೇ ಕುರ್ಚಿಯಲ್ಲಿ ಕೂತಿದ್ದೆ.

"ಇಷ್ಟು ದಿನ ಎಲ್ಲಿ ಹೋಗಿದ್ದಿ ತಂಗಿ?" ಅಂದರು.

"ಹೈದರಾಬಾದಿಗೆ ಹೋಗಿದ್ದೆರಿ," ಅಂದೆ.